ಕೋಟೆ ಬೀದಿಯಲ್ಲಿ ಸಿಕ್ಕ ಮಗು

ಪಿರಿಯಾಪಟ್ಟಣದ ಹಳೇ ಕೋಟೆಯ ಒಳಗಿನ ಬೀದಿಯಲ್ಲಿ ಒಳಚರಂಡಿ ಪೈಪು ಹಾಕುವಾಗ, ಅಗೆತದ ಮೇಲೆ ಕಣ್ಣಿಡಲು ಪುರಾತತ್ವ ಇಲಾಖೆ ನನ್ನನ್ನು ಹಾಕಿತ್ತು. ಜೆಸಿಬಿ ಮಣ್ಣು ತೆಗೆಯುವಾಗ ಗುಂಡಿಯ ಪಕ್ಕ ನಿಂತು ನೋಡುವುದು, ಹಳೆಯದೇನಾದರೂ ಕಂಡರೆ ಕೈ ಎತ್ತಿ ನಿಲ್ಲಿಸುವುದು, ಇಷ್ಟೇ ಕೆಲಸ. ವಾರಗಟ್ಟಲೆ ಕಂಡದ್ದು ಹೆಂಚಿನ ಚೂರು, ಮಡಕೆ ಚೂರು, ಗಾಜಿನ ಬಳೆಯ ತುಂಡು. ಕೆಲಸ ತಡವಾಗುವುದು ನನ್ನಿಂದಲೇ ಎಂದು ಬೀದಿಯವರು ಗೊಣಗುತ್ತಿದ್ದರು.

ಒಂದು ಬೆಳಿಗ್ಗೆ, ಬೀದಿ ತಿರುಗುವ ಕಡೆ, ಕೆಂಪು ಮಣ್ಣಿನ ನಡುವೆ ಬೂದಿ ಬಣ್ಣದ ಮೆತ್ತನೆ ಮಣ್ಣು ಕಂಡಿತು. ಕೈ ಎತ್ತಿದೆ. ಗುಂಡಿಗಿಳಿದು ಕರಣೆಯಿಂದ, ಆಮೇಲೆ ಬ್ರಷ್ಷಿನಿಂದ ಬಿಡಿಸುತ್ತ ಹೋದೆ. ಮೊದಲು ಪುಟ್ಟ ತಲೆಬುರುಡೆ, ಕೆಳಗೆ ಮಡಿಚಿದ ಕಾಲಿನ ಮೂಳೆಗಳು. ಕೂರಿಸಿ ಮಣ್ಣು ಮಾಡಿದ ಮಗು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಎಡಗೈಯ ಬೆರಳುಗಳ ನಡುವೆ ಕಪ್ಪಗೆ, ಗುಂಡಗೆ ಒಂದು ಇಷ್ಟಲಿಂಗ. ಲಿಂಗವಂತರು ಸತ್ತವರ ಅಂಗೈಯಲ್ಲಿ ಲಿಂಗವಿಟ್ಟು ಹೀಗೆ ಕೂರಿಸುತ್ತಾರೆಂದು ನನಗೆ ಗೊತ್ತಿತ್ತು. ಬೀದಿಯಾಗುವ ಮೊದಲು ಅಲ್ಲಿ ತೋಟವೋ ಮಠದ ಜಾಗವೋ ಇದ್ದಿರಬೇಕು.

ಎಲ್ಲ ಎತ್ತಿ ಕವರಿಗೆ ಹಾಕಿಕೊಂಡರೆ ಮಧ್ಯಾಹ್ನಕ್ಕೆ ಪೈಪು ಇಳಿಸಬಹುದೆಂದು ಗುತ್ತಿಗೆದಾರರ ಸೂಪರ್‌ವೈಸರ್ ಅವಸರ ಮಾಡಿದ. ಎದುರು ಮನೆಯ ಅಜ್ಜಿ ಅಷ್ಟರಲ್ಲಿ ಗುಂಡಿಯ ಅಂಚಿಗೆ ಬಂದು ಕೂತಿದ್ದರು. ತಲೆಮಾರುಗಳಿಂದ ದವಸದ ಅಂಗಡಿ ಇಟ್ಟಿದ್ದ ಶಿವಭಕ್ತರ ಮನೆ ಅದು. ನಾನು ಪ್ಲಾಸ್ಟಿಕ್ ಕವರು ಬಿಚ್ಚುವುದನ್ನು ನೋಡಿ ಹೇಳಿದರು:

"ಲಿಂಗವ ಕೈಯಿಂದ ಬುಡುಸ್‌ಬ್ಯಾಡ ಕಣವ್ವ. ಎತ್ತವ್ವ ಕೊಟ್ಟು ಕಳ್ಸವ್ಳೆ."

ಸಿಕ್ಕಿದ ಪ್ರತಿಯೊಂದನ್ನೂ ಬೇರೆ ಬೇರೆ ಕಟ್ಟಿಡಬೇಕೆಂಬುದು ನಾವು ಕಲಿತ ನಿಯಮ. ಆದರೂ ಕವರು ಮಡಿಚಿ ಜೇಬಿಗಿಟ್ಟೆ. ಮೇಲಧಿಕಾರಿಗೆ ಫೋನು ಮಾಡಿದೆ. ಅವರು, ಸಾಧ್ಯವಾದರೆ ಮಣ್ಣಿನ ಸಮೇತ ಒಂದೇ ಗಡ್ಡೆಯಾಗಿ ಎತ್ತಿ ಎಂದರು. ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡೇ ಜೆಸಿಬಿಯನ್ನು ಬೀದಿಯ ಇನ್ನೊಂದು ತುದಿಗೆ ಕಳಿಸಿದ.

ಸುತ್ತಲೂ ಮಣ್ಣು ಕೊರೆದು, ಬಟ್ಟೆ ಸುತ್ತಿ, ಪ್ಲಾಸ್ಟರ್ ಬಳಿದು, ಕೆಳಗೆ ಹಲಗೆ ತೂರಿಸುವಷ್ಟರಲ್ಲಿ ಸಂಜೆಯಾಯಿತು. ಅಜ್ಜಿ ಎದ್ದು ಹೋಗಿ ವಿಭೂತಿ ತಂದರು. ಮೂಳೆಗೆ ಏನೂ ಸೋಕಬಾರದು, ಪರೀಕ್ಷೆ ಕೆಡುತ್ತದೆ ಎಂದೆ. ಅವರು ತಲೆಯಾಡಿಸಿ, ಹೊರಗಿನ ಹಸಿ ಪ್ಲಾಸ್ಟರಿನ ಮೇಲೆ ಮೂರು ಬೆರಳೆಳೆದರು. ಬೀದಿಯವರು ಬಂದು ಕೈ ಜೋಡಿಸಿ ಗಡ್ಡೆಯನ್ನು ಜೀಪಿಗೇರಿಸಿದರು. ದಾರಿಯುದ್ದಕ್ಕೂ ಕುಲುಕದಂತೆ ನಾನು ಅದನ್ನು ಹಿಡಿದುಕೊಂಡು ಕೂತಿದ್ದೆ.

ಪರೀಕ್ಷೆ ಮುಗಿಯಲು ತಿಂಗಳುಗಳು ಹಿಡಿದವು. ಹೆಣ್ಣೋ ಗಂಡೋ ತಿಳಿಯಲಿಲ್ಲ, ಏನಾಗಿ ಸತ್ತಿತೆಂಬುದೂ ತಿಳಿಯಲಿಲ್ಲ. ಸಮುದಾಯದ ಹಿರಿಯರು ಕೇಳಿಕೊಂಡಾಗ ಇಲಾಖೆ ಒಪ್ಪಿತು. ಊರಾಚೆಯ ರುದ್ರಭೂಮಿಯಲ್ಲಿ ಮಗುವನ್ನು ಮತ್ತೆ ಕೂರಿಸಿದೆವು, ಲಿಂಗ ಕೈಯಲ್ಲೇ ಇತ್ತು.

ಕಾರ್ಯ ಮಾಡಿಸುತ್ತಿದ್ದ ಅಯ್ಯನವರು ಹೆಸರು ಕೇಳಿದರು.

"ಮಗ ಅನ್ನಿ ಬುಡಿ," ಎಂದರು ಅಜ್ಜಿ. "ಎಣ್ಣಾಗ್ಲಿ ಗಂಡಾಗ್ಲಿ, ಮನೇಲಿ ಅಂಗೇ ಕರ್ದಿರ್ತಾರೆ."

ಅಯ್ಯನವರು ಹಾಗೇ ಕರೆದರು. ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕಿ, ಹಿಡಿ ಮಣ್ಣು ಹಾಕಿದೆವು. ಹಿಂದೆ ತಿರುಗಿದಾಗ ಸೂಪರ್‌ವೈಸರ್ ಕಂಡ. ನಾನು ಅವನಿಗೆ ಹೇಳಿ ಕಳಿಸಿರಲಿಲ್ಲ. ಚಪ್ಪಲಿ ದೂರ ಬಿಟ್ಟು, ತನ್ನ ಸರದಿಗೆ ಕಾಯುತ್ತ ನಿಂತಿದ್ದ.