ಜೇವರ್ಗಿಯ ಸೀಸೆ

ನಾನು ತಂದುಕೊಟ್ಟ ಜೇವರ್ಗಿಯ ಸೀಸೆಯಲ್ಲಿ ಜೇವರ್ಗಿಯದೇನೂ ಇರಲಿಲ್ಲ, ಮಹಾನಂದಾ ಅವರೆ. ಆಳಂದದ ಹೊಲದಲ್ಲಿ ಕಿತ್ತ ತೊಗರಿಯ ಬೇರುಗಂಟುಗಳನ್ನೇ ಎರಡು ಪಾಲು ಮಾಡಿ, ಒಂದರ ಮೇಲೆ ಜೇವರ್ಗಿ ಎಂದು ಬರೆದವನು ನಾನು. ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಅದು ತೊಂಬತ್ತರ ದಶಕದ ಕೊನೆ. ಜೇವರ್ಗಿಯ ಎರೆಮಣ್ಣಿನ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ ಆಳಂದದ್ದಕ್ಕಿಂತ ಬೇರೆಯೇ ತಳಿ, ಗಟ್ಟಿ ಜೀವ ಎಂಬುದು ನಿಮ್ಮ ನಂಬಿಕೆ. ನಿಮ್ಮ ಪಿಎಚ್‌ಡಿ ನಿಂತದ್ದೇ ಅದರ ಮೇಲೆ. ಬಸುರಿಯಾಗಿದ್ದ ನೀವು ಬಸ್ಸಿನಲ್ಲಿ ಕುಲುಕುವುದು ಬೇಡವೆಂದು, ನಿಮ್ಮ ಪ್ರಯೋಗಾಲಯದ ಸಹಾಯಕನಾಗಿದ್ದ ನಾನೇ ದೊಡ್ಡಸ್ತಿಕೆಯಿಂದ ಹೊರಟೆ. ಆಳಂದದ ಗಂಟುಗಳನ್ನು ಮೊದಲೇ ಕಿತ್ತು ತಂದಾಗಿತ್ತು; ಜೇವರ್ಗಿ ಸೀಮೆಯ ಕೊಳಕೂರ ಮುಟ್ಟಿದ ದಿನ ನಾಗರಪಂಚಮಿ. ಕೃಷಿ ಓದಿದ ಈ ಮಹಾಶಯನಿಗೆ ಅದರ ನೆನಪೂ ಇರಲಿಲ್ಲ. ಗುದ್ದಲಿ ಕಂಡದ್ದೇ ಹೊಲದೊಡತಿ ಅಡ್ಡ ಬಂದಳು.

"ಇವತ್ತ ಭೂಮಿ ಅಗೀಬಾರ್ದ್ರಿ ಸಾಹೇಬ್ರ, ನಾಗಪ್ಪಗ ಪೆಟ್ಟಾಗ್ತದ. ಶೇಂಗಾ ಉಂಡಿ ತಿಂದು ಇಲ್ಲೇ ಇರ್ರಿ. ನಾಳಿ ಮುಂಜಾನೆ ನಾನೇ ಅಗದು ಕೊಡ್ತೇನಿ."

ಒಂದು ರಾತ್ರಿ ತಂಗಿದ್ದರೆ ಸಾಕಿತ್ತು. ನಾನು ಉಂಡಿ ತಿಂದೆ, ಡಬ್ಬಿಗೂ ಹಾಕಿಸಿಕೊಂಡೆ — ಸಂಜೆಯ ಬಸ್ಸಿಗೆ ಮರಳಿದೆ. ಗಂಟಿಗೆ ಗಂಟು, ಯಾರಿಗೆ ಗೊತ್ತಾಗುತ್ತದೆ... ಥೂ!

ಗಂಟಿನೊಳಗಿನ ಜೀವಿಗಳನ್ನು ಬೆಳೆಸಿ ನೀವು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಿದಿರಿ. ಅಲ್ಲಿ ಗಾಜಿನ ಪಟ್ಟಿಯ ಮೇಲೆ ಒಂದೊಂದು ವಂಶವಾಹಿಯ ಡಿಎನ್ಎಯನ್ನೂ ಒಂದೊಂದು ಚುಕ್ಕೆಯಾಗಿ ಇಟ್ಟಿರುತ್ತಾರೆ. ಒಂದು ತಳಿಯ ಡಿಎನ್ಎಗೆ ಕೆಂಪು, ಇನ್ನೊಂದರದಕ್ಕೆ ಹಸಿರು ಬಣ್ಣ ಕೊಟ್ಟು ಅದರ ಮೇಲೆ ಹರಿಸುತ್ತಾರೆ. ಎರಡರಲ್ಲೂ ಇರುವ ವಂಶವಾಹಿಯ ಚುಕ್ಕೆ ಹಳದಿಯಾಗಿ ಹೊಳೆಯುತ್ತದೆ. ಒಂದರಲ್ಲೇ ಇದ್ದರೆ ಕೆಂಪೋ ಹಸಿರೋ ಉಳಿಯುತ್ತದೆ. ನಮ್ಮ ಚಿತ್ರ ಬಂತು — ಪೂರಾ ಹಳದಿ. ಆಳಂದವನ್ನು ಆಳಂದದ ಜೊತೆ ಹೋಲಿಸಿದರೆ ಮತ್ತೇನು ಬಂದೀತು?

ನೀವು ಆ ಚಿತ್ರವನ್ನು ಬಹಳ ಹೊತ್ತು ನೋಡಿದಿರಿ. ಆಮೇಲೆ ಪಿಎಚ್‌ಡಿ ಬಿಟ್ಟಿರಿ. ನಿಮ್ಮ ನಂಬಿಕೆ ಸರಿಯಿತ್ತೋ ತಪ್ಪೋ — ಇಂದಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು. ಬಸುರಿಯಾಗುವ ಮೊದಲು ನೀವೇ ತಂದು ಕುಂಡಗಳಲ್ಲಿ ಜೋಪಾನ ಮಾಡಿದ್ದ ಜೇವರ್ಗಿಯ ಮಣ್ಣನ್ನು ಹಿತ್ತಲಿಗೆ ಸುರಿದು ಬಂದವನೂ ನಾನೇ.

ಹೊರಡುವಾಗ ನೀವು ಹೇಳಿದಿರಿ, "ನನ್ನ ಹುಚ್ಚಿಗೆ ನಿಮ್ಮನ್ನ ಸುಮ್ನ ಊರೂರು ತಿರುಗಿಸಿದೆ ಅಣ್ಣಾರ. ಮಾಫ್ ಮಾಡ್ರಿ."

"ಇರ್ಲಿ ಬಿಡ್ರಿ," ಎಂದೆ.

ನಿಮ್ಮನ್ನು ಕ್ಷಮಿಸಿದೆ, ಮಹಾನಂದಾ ಅವರೆ — ನಾನು!