ಐವತ್ತೊಂದು ಅಂತಸ್ತಿನ ಸೀರೆ

ಮುಳ್ಳೂರಿನ ದೊಡ್ಡಸಿದ್ದಯ್ಯ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನು. ಹನೂರಿನಿಂದ ಯಳಂದೂರಿನವರೆಗೆ ಅವನು ಕಟ್ಟಿದ ಮನೆ ಒಂದೂ ಬಿರುಕು ಬಿಟ್ಟಿಲ್ಲ. ಬಿಟ್ಟಿದ್ದರೆ ಒಳಗಿನ ಅಣ್ಣತಮ್ಮಂದಿರು. ಅದಕ್ಕೆ ಸಿಮೆಂಟು ಏನು ಮಾಡೀತು?

ಆ ಕಡೆ, ಮನೆ ಒಕ್ಕಲಿನ ದಿನ, ಕಟ್ಟಿದ ಮೇಸ್ತ್ರಿಯನ್ನೂ ಅವನ ಹೆಂಡತಿಯನ್ನೂ ನಡುಮನೆಯಲ್ಲಿ ಕೂರಿಸಿ ಬಟ್ಟೆ ಇಕ್ಕುತ್ತಾರೆ. ಅವನಿಗೆ ಪಂಚೆ, ಅವಳಿಗೆ ಸೀರೆ. ಸಿದ್ದಯ್ಯನ ಹೆಂಡತಿ ಶಿವರತ್ನಮ್ಮನ ಟ್ರಂಕಿನಲ್ಲಿದ್ದ ಸೀರೆಗಳಿಗೆಲ್ಲ ಮನೆಗಳದೇ ಹೆಸರು. "ಬಂಡಳ್ಳಿ ಟೀಚರ್ ಮನೆ ತಗದುಕೊಡು" ಎಂದರೆ ಹಸಿರು ಸೀರೆ ಎಂದರ್ಥ.

ಹೀಗಿದ್ದವರು ಬೆಂಗಳೂರಿಗೆ ಹೋದದ್ದು ಒಂದು ಗೋಪುರದ ಕೆಲಸಕ್ಕೆ. ಕೆಳಗೆ ಹೋಟೆಲು, ಮೇಲೆ ಮನೆಗಳು, ಒಟ್ಟು ಐವತ್ತೊಂದು ಅಂತಸ್ತು. ಕೊಳ್ಳುವವರಿಗೂ ಅಷ್ಟೇ ಅಂತಸ್ತು ಇರಬೇಕು. ಸೈಟಿನೊಳಗೆ ಟೋಪಿ ಹಾಕುವುದು ಕಡ್ಡಾಯ. ಕೂಲಿಯವರು ತಾವೇ ಹಾಕಿಕೊಳ್ಳುತ್ತಿದ್ದರು. ಮೂರು ವರ್ಷ ಸಿದ್ದಯ್ಯ ನೆಲಕ್ಕೆ ಕಲ್ಲು ಕೂರಿಸಿದ, ಶಿವರತ್ನಮ್ಮ ಹಿಂದೆಯೇ ಮಂಡಿಯೂರಿ ಸಂದಿ ಒರೆಸಿದಳು. ತಗಡಿನ ಶೆಡ್ಡಿಗೆ ಬಂದು ಮಲಗಿದಾಗ ಅವಳದೊಂದೇ ಮಾತು: "ಇಷ್ಟ್ ದೊಡ್ ಮನೆ ಒಕ್ಕಲಿಗೆ ಎಂಥಾ ಸೀರೆ ಇಕ್ಕಾರು?"

"ಉಟ್ಕಳಕ್ಕೆ ಇಬ್ಬರು ಬೇಕು, ಅಂಥದ್ದು" ಎನ್ನುತ್ತಿದ್ದ ಅವನು.

ನೆಲವೆಲ್ಲ ಮುಗಿಯುವ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಂಟು ಸಿಕ್ಕಿತು. ದೊಡ್ಡಾಸ್ಪತ್ರೆಯ ಡಾಕ್ಟರು ಬಹಳ ಒಳ್ಳೆಯವರು, ಮೆತ್ತಗೆ ಮಾತಾಡಿದರು. ಅಷ್ಟು ಮೆತ್ತಗೆ ಮಾತಾಡಿದಾಗಲೇ ಸಿದ್ದಯ್ಯನಿಗೆ ಗೊತ್ತಾಯಿತು. ಅವಳನ್ನು ಮುಳ್ಳೂರಿಗೆ ಕರೆತಂದ. ಗೋಪುರದ ಒಕ್ಕಲು ಶುಕ್ರವಾರ ಎಂದು ಯಾರೋ ಫೋನಿನಲ್ಲಿ ಹೇಳಿದಾಗ ಅವಳು ಗೋಡೆಗೆ ಒರಗಿ ಕೂತಳು. "ನೀನಾದ್ರೂ ಓಗು. ಕರಿಯದೆ ಇದ್ದಾರಾ? ನಮ್ಮ ಅಡ್ರೆಸ್ ಎಲ್ಲದೆ ಅವ್ರತ್ರ?"

ಅವನು ಒಗೆದ ಪಂಚೆ ಉಟ್ಟು, ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಇಟ್ಟುಕೊಂಡು ಹೋದ.

ಗೇಟಿನಲ್ಲಿ ಸೆಕ್ಯುರಿಟಿಯವನು ಪಾಸು ಕೇಳಿದ.

"ನಾನು ಕಟ್ದೋನು ಕಣಪ್ಪ."

"ಕಟ್ಟಿದ್ದು ಕಂಪನಿ. ಪಕ್ಕಕ್ಕೆ ಬಾ, ಕಾರ್ ಬರ್ತದೆ."

ಅಷ್ಟರಲ್ಲಿ ಸೈಟ್ ಇಂಜಿನಿಯರ್ ಶಾಂತರಾಜು ಕಂಡರು. ಕೊರಳಿಗೆ ಟೈ ಬಿಗಿದುಕೊಂಡಿದ್ದರು. "ಏನ್ ಸಿದ್ದಯ್ಯ, ಎಲ್ಲಾದ್ರೂ ಟೈಲ್ಸ್ ಎದ್ದಿತಾ?"

"ಇಲ್ಲ ಸಾ. ಒಕ್ಕಲಿಗೆ ಬಂದೆ."

ಶಾಂತರಾಜು ನಗಲು ಬಾಯಿ ತೆರೆದವರು ಚೀಲದಿಂದ ಇಣುಕುತ್ತಿದ್ದ ತೆಂಗಿನಕಾಯಿ ನೋಡಿ ಮುಚ್ಚಿದರು. "ಇದು ಓಪನಿಂಗ್ ಕಣಯ್ಯ. ನನಗೇ ಲಾಬಿ ತನಕ ಅಷ್ಟೇ ಪಾಸು" ಎಂದು ಅವನ ಭುಜ ಮುಟ್ಟಿ ಒಳಗೆ ಹೋದರು.

ಸಿದ್ದಯ್ಯ ಎದುರಿನ ಫುಟ್‌ಪಾತಿನಲ್ಲಿ ಸಂಜೆಯವರೆಗೆ ನಿಂತ. ಯಾರಾದರೂ ಹುಡುಕಿಕೊಂಡು ಬಂದರೆ ಸಿಗಬೇಕಲ್ಲ.

ಮಾರನೆಯ ದಿನ ಕೊಳ್ಳೇಗಾಲದಲ್ಲಿ ಬಸ್ಸಿಳಿದವನೇ ರೇಷ್ಮೆ ಅಂಗಡಿಗೆ ನುಗ್ಗಿ, ಜೇಬಲ್ಲಿದ್ದುದನ್ನೆಲ್ಲ ಸುರಿದು, ಕುಂಕುಮ ಬಣ್ಣದ ಒಂದು ಸೀರೆ ಕೊಂಡ. ಡಬ್ಬ ಬೇಡ ಎಂದ. ಡಬ್ಬದ ಮೇಲೆ ಅಂಗಡಿಯ ಹೆಸರಿತ್ತು.

ಮದುವೆಗೆ ಮೊದಲು ಶಿವರತ್ನಮ್ಮ ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ಆರು ವರ್ಷ ನೂಲು ಸುತ್ತಿದ್ದಳು. ಅದು ಅವನ ನೆನಪಿಗೆ ಬಂದದ್ದು, ಮಲಗಿದ್ದಲ್ಲೇ ಅವಳು ಸೀರೆಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜತೊಡಗಿದಾಗ.

"ಬೆಂಗ್ಳೂರು ಸಾವ್ಕಾರ ಸೀರೆಗೆ ಕೊಳ್ಳೇಗಾಲಕ್ಕೆ ಬಂದಿದ್ನಾ?"

"ದೊಡ್ಡೋರು ಕಣಮ್ಮಿ. ಒಳ್ಳೇದು ಎಲ್ಲಿದ್ರೂ ತರಿಸ್ತರೆ."

"ಯಾರು ಇಕ್ಕುದ್ರು?"

"ಯಜಮಾನಮ್ಮ. ನಡುಮನೇಲಿ ಕೂರಿಸಿ."

ಶಿವರತ್ನಮ್ಮ ಸೀರೆಯ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದಳು. ಇಕ್ಕುವ ಬಟ್ಟೆಯ ಮೂಲೆಗೆ ಅರಿಸಿನ-ಕುಂಕುಮ ಹಚ್ಚದೆ ಯಾರೂ ಕೊಡುವುದಿಲ್ಲ. ಸಿದ್ದಯ್ಯ ನೋಡುತ್ತಲೇ ಇದ್ದ. ನಾಲ್ಕನೆಯ ಮೂಲೆಯೂ ಚೊಕ್ಕಟವಾಗಿತ್ತು.

"ಒಳಕ್ಕೆ ಬುಟ್ರಾ?" ಎಂದಳು.

ಅವನು ಬಿಡಿಸಿದ ಸೀರೆಯನ್ನು ಮತ್ತೆ ಮಡಿಸತೊಡಗಿದ.

"ನಂಗ್ಯಾಕೆ ಸೀರೆ, ಈ ಮೈಗೆ? ನಿನ್ನ ಕರದು ಕೂರಿಸ್ತರಾ ಅಂತ ಕೇಳ್ದೆ ಕಣ, ಅಷ್ಟೇಯ."

ಸಿದ್ದಯ್ಯ ಗೋಡೆಗೆ ಒರಗಿಸಿದ್ದ ಗಾರೆ ಕೆಲಸದ ಮಟ್ಟಗೋಲನ್ನು ಸುಮ್ಮನೆ ನೇರ ಮಾಡಿದ.

"ಉಣ್ಣಕ್ಕಾದ್ರೂ ಇಕ್ಕುದ್ರಾ?"

ಇಲ್ಲವೆಂದು ತಲೆಯಾಡಿಸಿದ.

"ನಿನ್ನೆಯಿಂದ?" ಶಿವರತ್ನಮ್ಮ ಗೋಡೆ ಹಿಡಿದು ಏಳಲು ನೋಡಿದಳು. ಮೊಣಕೈ ಊರಿ ಅರ್ಧ ಎದ್ದು, ಅಲ್ಲೇ ತಡೆದು, ಮತ್ತೆ ಮಲಗಿದಳು. "ಪಕ್ಕದ ಮನೆ ಚನ್ನಮಲ್ಲಮ್ಮ ಮುದ್ದೆ ತಂದು ಮಡಗವಳೆ. ಆಕಂಡು ಉಣ್ಣು. ಇಲ್ಲೇ ಕೂತ್ಕ, ನಾನು ನೋಡ್ಬೇಕು."

ಅವನು ತಟ್ಟೆ ತಂದು ಅವಳ ಎದುರಿಗೆ ಕೂತ. ಅವಳು ನೋಡುತ್ತಿದ್ದಳು, ಅದಕ್ಕೇ ನುಂಗಿದ.