ಪುಳಿ ಎಂದರೆ ಹುಳಿಯಲ್ಲ

ಸುಶೀಲಾ, ಆ ಹುಳಿಗೆ ನೀನು ಹುಣಸೆಹಣ್ಣು ಹಾಕಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಮುಂದೆ ನಿನ್ನನ್ನು ಕೈಬಿಟ್ಟೆ — ಕೈಬಿಟ್ಟೆ ಎನ್ನುವುದೂ ನಯವಾದ ಮಾತೇ. ನಿನ್ನ ಹೆಸರು ಕೆಡಿಸಿದೆ.

ನನ್ನ ಮೈದುನನ ಕೈಹಿಡಿದು ನೀನು ಧಾರವಾಡದಿಂದ ತಿರುವಲ್ಲಿಕೇಣಿಯ ಮನೆಗೆ ಬಂದಾಗ ನಿನಗೆ ತಮಿಳಿನ ಗಂಧವಿರಲಿಲ್ಲ. ನಾನೋ ಮದ್ರಾಸಿನಲ್ಲೇ ಹುಟ್ಟಿದವಳು. ಹಿರಿಯ ಸೊಸೆ ಬೇರೆ. ನಿನಗೆ ತಮಿಳು ಕಲಿಸಿದವಳು ನಾನೇ. “ಅವರ ‘ಪ’ ನಮ್ಮ ‘ಹ’ ಕಣೇ. ಪಾಲ್ ಅಂದ್ರೆ ಹಾಲು, ಪೂ ಅಂದ್ರೆ ಹೂ. ಅಷ್ಟು ನೆನಪಿಟ್ಕೋ, ಅರ್ಧ ತಮಿಳು ಬಂದ ಹಾಗೆ” ಎಂದಿದ್ದೆ. ಪಾಪ, ನೀನು ನಂಬಿದೆ.

ಆ ಆಷಾಢದಲ್ಲಿ ಮನೆಯಲ್ಲಿ ಎಂದಿನಂತೆ ಶಾಕವ್ರತ ಹಿಡಿದರು. ಒಂದು ತಿಂಗಳು ತರಕಾರಿಯಿಲ್ಲ, ಮೆಣಸಿನಕಾಯಿಯಿಲ್ಲ, ಹುಣಸೆಹಣ್ಣಂತೂ ಒಳಗೇ ಬರುವಂತಿಲ್ಲ. ನಾನು ಮಾಡುತ್ತಿದ್ದ ವ್ರತದ ಅಡುಗೆಯನ್ನು ಎಲ್ಲರೂ ಮಾತಾಡದೆ ಉಂಡು ಏಳುತ್ತಿದ್ದರು. ನೀನು ತವರಿನಿಂದ ತಂದ ಒಣಮಾವಿನ ಹೋಳು ನೆನೆಸಿ, ಕಾಳುಮೆಣಸು ಜೀರಿಗೆ ಹುರಿದು ರುಬ್ಬಿ, ಹೆಸರುಬೇಳೆಯ ಹುಳಿ ಮಾಡಿದೆ. ಮಾವನವರು ಮತ್ತೆ ಮತ್ತೆ ಬಡಿಸಿಕೊಂಡರು. “ಇನ್ಮೇಲೆ ಒಲೆ ಸುಶೀಲೇದು” ಎಂದರು ಅತ್ತೆ, ನನ್ನ ಮುಂದೆಯೇ. ಹೊಟ್ಟೆಕಿಚ್ಚಾಯಿತು ನನಗೆ. ಅದಕ್ಕೆ ಬೇರೆ ಹೆಸರಿಲ್ಲ.

ಅದೇ ವಾರ ನಮ್ಮ ಬೀದಿಯ ಮಹಿಳಾ ಸಂಘದವರು ವ್ರತದ ಅಡುಗೆಯ ಸ್ಪರ್ಧೆ ಇಟ್ಟರು. ಗೆದ್ದವಳ ಹೆಸರನ್ನೂ ಅಡುಗೆಯನ್ನೂ ರೇಡಿಯೋದ ಮಹಿಳೆಯರ ಕಾರ್ಯಕ್ರಮದಲ್ಲಿ ಹೇಳುತ್ತಾರೆ ಎಂದು ಬೀದಿಗೆ ಬೀದಿಯೇ ಸಡಗರದಲ್ಲಿತ್ತು. ನಾನು ಹೆಸರು ಕೊಡಲಿಲ್ಲ, ಸೋತರೆ ಎಂಬ ಭಯ. ನೀನು ಕೊಟ್ಟೆ; ನಿನಗೆ ತಮಿಳು ಬಾರದೆಂದು ನಾನು ಜೊತೆಗೆ ಬಂದೆ.

ತೀರ್ಪು ಕೊಡಲು ಬಂದ ಮಾಮಿ ನಿನ್ನ ಹುಳಿಯನ್ನು ಬಾಯಿಗಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿದರು. ಇನ್ನೊಂದು ಚಮಚ ತೆಗೆದುಕೊಂಡರು. ಆಮೇಲೆ ಅನುಮಾನದಿಂದ ನಿನ್ನನ್ನೇ ಕೇಳಿದರು: “ಇದಿಲ ಪುಳಿ ಇರುಕ್ಕಾ?”

ಪುಳಿ ಎಂದರೆ ಹುಣಸೆಹಣ್ಣು; ಇದರಲ್ಲಿ ಅದು ಇದೆಯಾ ಎಂದು ಅವರು ಕೇಳಿದ್ದು. ಆದರೆ ನಾನು ಕಲಿಸಿದ ಲೆಕ್ಕದಲ್ಲಿ ನಿನಗೆ ಅದು ‘ಹುಳಿ’ ಎಂದು ಕೇಳಿಸಿತು. ನಿನ್ನ ಮುಖ ಅರಳಿತು. “ಆಮಾ, ಆಮಾ, ಪುಳಿ” ಎಂದು ತಲೆಯಾಡಿಸಿದೆ, ಮೊದಲ ಸಲ ತಮಿಳಿನಲ್ಲಿ ಉತ್ತರ ಕೊಟ್ಟ ಖುಷಿಯಲ್ಲಿ.

ಮಾಮಿ ಚಮಚ ಕೆಳಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಒಂದೇ ಒಂದು ಮಾತು ಸಾಕಿತ್ತು — ನಾಲಿಗೆಯ ತುದಿಗೂ ಬಂದಿತ್ತು ಎಂದು ಹೇಳಿಕೊಳ್ಳಲು ಆಸೆ. ಸುಳ್ಳು. ಬಂದಿರಲಿಲ್ಲ.

ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅಷ್ಟು ದಿನ ಉಂಡ ಹುಳಿಯಲ್ಲೂ ಹುಣಸೆಹಣ್ಣಿತ್ತು, ವ್ರತ ಕೆಟ್ಟಿತು ಎಂದು ಅತ್ತೆ ಕುಸಿದು ಕೂತಿದ್ದರು. “ಇಲ್ರೀ ಅತ್ತಿ, ನಾ ಹುಣಸಿಹಣ್ಣು ಮುಟ್ಟೇ ಇಲ್ರೀ” ಎಂದು ನೀನು ಅಳತೊಡಗಿದೆ. ಅತ್ತೆ ನನ್ನ ಕಡೆ ತಿರುಗಿದರು.

“ರುಕ್ಮಿಣಿ, ನೀ ಪಕ್ಕದಲ್ಲೇ ಇದ್ದೆಯಲ್ಲ. ಆ ಮಾಮಿ ಪುಳಿ ಇದೆಯಾ ಅಂತ ಕೇಳಿದ್ದಕ್ಕೆ ಇವಳು ಏನಂದಳು?”

“ಇದೆ ಅಂದಳು” ಎಂದೆ.

ಒಂದಕ್ಷರ ಸುಳ್ಳಿಲ್ಲ ನೋಡು ಅದರಲ್ಲಿ. ಎಷ್ಟೋ ವರ್ಷ ಅದನ್ನೇ ಹಿಡಿದು ನೇತಾಡಿದೆ — ನಾನು ಸುಳ್ಳು ಹೇಳಲಿಲ್ಲವಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆನಲ್ಲ…

ಅತ್ತೆ ಬದುಕಿರುವತನಕ ನಿನಗೆ ಮಡಿಯ ಒಲೆ ಮುಟ್ಟಲು ಬಿಡಲಿಲ್ಲ. ನೀನು ಹೊರಗೆ ಕೂತು ಹೆಚ್ಚಿಕೊಟ್ಟೆ, ತುರಿದುಕೊಟ್ಟೆ. ನಾನು ಒಳಗೆ ಬೇಯಿಸಿದೆ. ಉಪ್ಪು ಹದವಾಗಿದೆಯೇ ಎಂದು ಹಬೆಯ ವಾಸನೆಯಲ್ಲೇ ಹೇಳಬಲ್ಲವಳು ನೀನು. ಒಮ್ಮೆಯೂ ಬಾಯಿಬಿಡಲಿಲ್ಲ.

ಈಗ ನನ್ನ ಮೊಮ್ಮಗಳು ಟಿವಿಯಲ್ಲಿ ಅಡುಗೆಯ ಸ್ಪರ್ಧೆ ನೋಡುತ್ತಾಳೆ. ತೀರ್ಪುಗಾರರು ತುತ್ತು ಬಾಯಿಗಿಟ್ಟು ಸುಮ್ಮನಾಗುತ್ತಾರೆ, ಮಾಡಿದವಳು ಸೆರಗು ಹಿಡಿದು ಅವರ ಮುಖವನ್ನೇ ನೋಡುತ್ತಾಳೆ. ನನಗೆ ಕೂರಲಾಗುವುದಿಲ್ಲ. “ಏನ್ ಪಾಟಿ ಎಳುಂದು ಪೋರೇ?” ಎನ್ನುತ್ತದೆ ಮಗು. ಏಕೆ ಎದ್ದು ಹೋಗುತ್ತೇನೆಂದು ಅದಕ್ಕೆ ಏನು ಹೇಳಲಿ?

ಆದರೆ ನನ್ನನ್ನು ಸುಡುವುದು ಆ ಸ್ಪರ್ಧೆಯಲ್ಲ. ಆ ವರ್ಷವೇ ದೀಪಾವಳಿಯ ಸಾಮಾನಿಗೆ ಇಬ್ಬರೂ ಹೋಗಿದ್ದೆವು. ಅಂಗಡಿಯವನು “ಪುಳಿ ವೇಣುಮಾಮ್ಮಾ?” ಎಂದು ಹುಣಸೆಹಣ್ಣಿನ ಉಂಡೆಯನ್ನು ನಿನ್ನ ಮುಂದಿಟ್ಟ. ನೀನು ಉಂಡೆಯನ್ನು ನೋಡಿದೆ. ಆಮೇಲೆ ನನ್ನನ್ನು ನೋಡಿದೆ.

“ಅಕ್ಕಾ, ಇದಕ್ಕ ಪುಳಿ ಅಂತಾರೇನ್ರೀ?”

“ಹೂಂ. ನಡಿ, ಹೊತ್ತಾಯ್ತು” ಎಂದೆ.

ನಿನಗೆ ಅವತ್ತೇ ಎಲ್ಲ ತಿಳಿಯಿತು. ಅತ್ತೆಗೆ ಹೇಳಬಹುದಿತ್ತು, ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮರೆತಿದ್ದೀ ಎಂದು ನಾನು ನೆಮ್ಮದಿಯಾಗಿದ್ದೆ. ಈಗ ಅನಿಸುತ್ತದೆ — ಅದು ನನ್ನ ಬಾಯಿಂದಲೇ ಬರಲಿ ಎಂದು ಕಾದೆಯೇನೋ. ಅತ್ತೆ ಕಣ್ಣು ಮುಚ್ಚುವವರೆಗೂ ಕಾದೆ. ನಾನು ಆ ಹೊತ್ತನ್ನೂ ಹೇಳದೆಯೇ ದಾಟಿಸಿಬಿಟ್ಟೆ.

ನಮ್ಮ ಮನೆಯ ಮಕ್ಕಳಿಗೆ ಅದು ಇವತ್ತಿಗೂ ತಮಾಷೆ. ನೀನು ಬಡಿಸಲು ಬಂದರೆ “ಚಿಕ್ಕಮ್ಮಾ, ಪುಳಿ ಇರುಕ್ಕಾ?” ಎಂದು ರೇಗಿಸುತ್ತಾರೆ. ನೀನೂ ನಗುತ್ತೀಯ. ನಾನೂ ನಗುತ್ತಾ ಬಂದಿದ್ದೇನೆ, ಸುಶೀಲಾ.

ಈ ಸಲ ಅತ್ತೆಯ ಶ್ರಾದ್ಧಕ್ಕೆ ಎಲ್ಲರೂ ಸೇರುತ್ತಾರೆ. ಯಾರಾದರೂ ಆ ಮಾತು ಎತ್ತಿಯೇ ಎತ್ತುತ್ತಾರೆ. ಆಗ ನಾನು ಎದ್ದು ನಿಂತು ಉತ್ತರ ಹೇಳುತ್ತೇನೆ — ಇರಲಿಲ್ಲ, ಅದು ನನಗೆ ಗೊತ್ತಿತ್ತು ಎಂದು. ಕನ್ನಡ ತಿಳಿಯದ ಮಕ್ಕಳಿಗಾಗಿ ತಮಿಳಿನಲ್ಲೂ ಹೇಳುತ್ತೇನೆ. ನೀನು ಅಲ್ಲಿ ಇರಬೇಕು. ನನ್ನನ್ನು ಕ್ಷಮಿಸುವುದಕ್ಕಲ್ಲ. ಅವರು ನಗು ನಿಲ್ಲಿಸುವುದನ್ನು ನೀನು ನೋಡಬೇಕು.